“ಬೈಬಲಿನಲ್ಲಿ ಎಲ್ಲಿದೆ?”: ಯೇಸುವಿನ ತಾಯಿ ಮರಿಯಮ್ಮನ ಕುರಿತು ಒಂದು ಪ್ರಶ್ನೋತ್ತರ

ಪ್ರಶ್ನೆ

ನಾನು ಪ್ರೊಟೆಸ್ಟೆಂಟ್ ಕುಟುಂಬದಲ್ಲಿ ಹುಟ್ಟಿ ಬೆಳೆದವಳು. ನಾನು ಮದುವೆಯಾಗಲಿರುವವರು ಕಥೋಲಿಕರು. ಕಳೆದ ವಾರ ಅವರ ಮನೆಯಲ್ಲಿ ಎಲ್ಲರೂ ಜಪಮಾಲೆ ಹಿಡಿದು ಪ್ರಾರ್ಥನೆಗೆ ಕುಳಿತರು. ನಾನು ಬಾಯಿ ತೆರೆಯದೆ ಕುಳಿತಿದ್ದೆ. ಮುಗಿದ ಮೇಲೆ ತಡೆಯಲಾರದೆ “ಮರಿಯಮ್ಮನನ್ನು ಆರಾಧಿಸಬೇಕೆಂದು ಬೈಬಲಿನಲ್ಲಿ ಎಲ್ಲಿದೆ?” ಎಂದು ಕೇಳಿಬಿಟ್ಟೆ. ಅವರ ತಾಯಿಯ ಮುಖ ಸಪ್ಪಗಾಯಿತು. “ನಾವು ಆಕೆಯನ್ನು ಆರಾಧಿಸುವುದಿಲ್ಲ ಮಗಳೇ” ಎಂದಷ್ಟೇ ಹೇಳಿ ಎದ್ದು ಹೋದರು. ಅಲ್ಲೇ ಇದ್ದ ಅವರ ಬೈಬಲನ್ನು ತಿರುವಿದರೆ ನಾನು ಹೆಸರೇ ಕೇಳಿರದ ಪುಸ್ತಕಗಳು ಅದರಲ್ಲಿದ್ದವು. ನಾನು ಕೇಳಿದ್ದು ತಪ್ಪೇ? ನಿಜವಾದ ವ್ಯತ್ಯಾಸ ಎಲ್ಲಿದೆ ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ (ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಇತಿಹಾಸ ಕಲಿಸುವ ಅಧ್ಯಾಪಕ)

ಕೇಳಿದ್ದು ತಪ್ಪಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ಎಳೆಗಳು ಸೇರಿಕೊಂಡಿವೆ, ಅವನ್ನು ಮೊದಲು ಬಿಡಿಸೋಣ.

ಒಂದು, “ಆರಾಧನೆ” ಎಂಬ ಮಾತು. ಆ ತಾಯಿ ಹೇಳಿದ್ದು ಜಾರಿಕೊಳ್ಳುವ ಉತ್ತರವಲ್ಲ, ಅವರ ಧರ್ಮಸಭೆಯ ಅಧಿಕೃತ ಬೋಧನೆ. ದೇವರೊಬ್ಬನಿಗೇ ಸಲ್ಲುವ ಆರಾಧನೆಗೆ ‘ಲಾತ್ರಿಯ’ ಎಂದೂ ಸಂತರಿಗೆ ಸಲ್ಲುವ ಗೌರವಕ್ಕೆ ‘ದೂಲಿಯ’ ಎಂದೂ ಮರಿಯಮ್ಮನಿಗೆ ಸಲ್ಲುವ ವಿಶೇಷ ಗೌರವಕ್ಕೆ ‘ಹೈಪರ್‌ದೂಲಿಯ’ ಎಂದೂ ಕಥೋಲಿಕ ದೈವಶಾಸ್ತ್ರ ಬೇರೆ ಬೇರೆ ಹೆಸರಿಟ್ಟಿದೆ. ಮರಿಯಮ್ಮನಿಗೆ ಲಾತ್ರಿಯ ಸಲ್ಲಿಸುವುದು ಕಥೋಲಿಕರ ಲೆಕ್ಕದಲ್ಲೂ ವಿಗ್ರಹಾರಾಧನೆಯ ಪಾಪವೇ. ಹೇಳಿದ್ದು ಒಂದು, ನಡೆಯುವುದು ಇನ್ನೊಂದು ಎಂಬ ಪ್ರೊಟೆಸ್ಟೆಂಟರ ಆಕ್ಷೇಪ ಬೇರೆ ಮಾತು. ಅದನ್ನು ಎತ್ತುವ ಹಕ್ಕು ಅವರಿಗಿದೆ. ಆದರೆ “ನೀವು ಆರಾಧಿಸುತ್ತೀರಿ” ಎಂದು ಮಾತು ಆರಂಭಿಸಿದರೆ ಎದುರಿನವರು ನಂಬದ ಸಂಗತಿಯನ್ನು ಅವರ ತಲೆಗೆ ಕಟ್ಟಿದಂತಾಗುತ್ತದೆ.

ಎರಡು, “ಬೈಬಲಿನಲ್ಲಿ ಎಲ್ಲಿದೆ?” ಎಂಬುದು. ಇಪ್ಪತ್ತು ವರ್ಷ ಇದನ್ನೇ ಕಲಿಸಿದ ಮೇಲೆ ನನಗೆ ಮನದಟ್ಟಾಗಿರುವುದು ಇದು: ಜಗಳ ಮರಿಯಮ್ಮನ ಹೆಸರಿನಲ್ಲಿ ನಡೆಯುತ್ತದೆ, ಅದರ ಬೇರು ಇರುವುದು ಈ ಪ್ರಶ್ನೆಯಲ್ಲಿ. ಬೈಬಲಿನಲ್ಲಿ ನೇರವಾಗಿ ಹೇಳದ ಒಂದು ಸತ್ಯವನ್ನು ವಿಶ್ವಾಸಿಗಳೆಲ್ಲರೂ ನಂಬಲೇಬೇಕೆಂದು ಸಭೆ ಘೋಷಿಸಬಹುದೇ? ಕಥೋಲಿಕರು ಹೌದು ಎನ್ನುತ್ತಾರೆ, ಪ್ರೊಟೆಸ್ಟೆಂಟರು ಇಲ್ಲ ಎನ್ನುತ್ತಾರೆ. ಹಾಗಾಗಿ ನೀವು ಪ್ರಶ್ನೆ ಕೇಳಿದಾಗಲೇ ಅರ್ಧ ಉತ್ತರವನ್ನೂ ಕೊಟ್ಟಿದ್ದಿರಿ. ನಿಮ್ಮ ಭಾವೀ ಅತ್ತೆಗೆ “ಬೈಬಲಿನಲ್ಲಿ ಇಲ್ಲ” ಎಂಬಲ್ಲಿಗೆ ಮಾತು ಮುಗಿಯುವುದಿಲ್ಲ, ನಿಮಗೆ ಮುಗಿಯುತ್ತದೆ.

ಎರಡು ಕಡೆಯವರೂ ಒಪ್ಪುವುದನ್ನು ಮೊದಲು ಹೇಳಬೇಕು, ಏಕೆಂದರೆ ಅದು ಜನ ಎಣಿಸಿದ್ದಕ್ಕಿಂತ ಹೆಚ್ಚು. ಯೇಸು ಕನ್ಯೆಯಾದ ಮರಿಯಳಲ್ಲಿ ಪವಿತ್ರಾತ್ಮನ ಶಕ್ತಿಯಿಂದ ಹುಟ್ಟಿದನೆಂಬುದು ಇಬ್ಬರ ವಿಶ್ವಾಸ ಪ್ರಮಾಣದಲ್ಲೂ ಇದೆ. 431ರಲ್ಲಿ ಎಫೆಸ ಪಟ್ಟಣದಲ್ಲಿ ಸೇರಿದ ಬಿಷಪರ ಮಹಾಸಭೆ ಆಕೆಯನ್ನು ‘ಥಿಯೊತೊಕೊಸ್’, ಅಂದರೆ ದೇವರನ್ನು ಹೆತ್ತವಳು ಎಂದು ಕರೆಯಿತು. ಅಂದು ಚರ್ಚೆಯಾಗಿದ್ದು ಮರಿಯಳ ಹಿರಿಮೆಯಲ್ಲ, ಕ್ರಿಸ್ತನ ಸ್ವರೂಪ. ಆಕೆಯ ಮಡಿಲಲ್ಲಿದ್ದ ಮಗು ದೇವರೇ ಆಗಿದ್ದರೆ ಆಕೆಯನ್ನು ದೇವರ ತಾಯಿ ಎನ್ನದೆ ಬೇರೇನೆನ್ನಬೇಕು? ಲೂಥರನ್ ಸಭೆಗಳ 1577ರ ವಿಶ್ವಾಸ ಪತ್ರವೂ ಆಕೆಯನ್ನು ದೇವರ ತಾಯಿ ಎಂದೇ ಕರೆಯುತ್ತದೆ. ಪ್ರೊಟೆಸ್ಟೆಂಟ್ ಸುಧಾರಣೆಯನ್ನು ಆರಂಭಿಸಿದ ಲೂಥರ್ 1521ರಲ್ಲಿ ಮರಿಯಳ ಸ್ತುತಿಗೀತೆಗೆ ಬರೆದ ವ್ಯಾಖ್ಯಾನವನ್ನು ಓದಿದ ಪ್ರೊಟೆಸ್ಟೆಂಟ್ ವಿದ್ಯಾರ್ಥಿಗಳು ಪ್ರತಿ ವರ್ಷವೂ ಬೆರಗಾಗುತ್ತಾರೆ. ಆಕೆಯ ಬಗ್ಗೆ ಅಷ್ಟೊಂದು ಪ್ರೀತಿ ಅದರಲ್ಲಿದೆ.

ಇನ್ನು ಬೇರೆಯಾಗುವ ಜಾಗ. ಕಥೋಲಿಕರು ಮರಿಯಮ್ಮನ ಬಗ್ಗೆ ಇನ್ನೂ ಮೂರು ವಿಷಯಗಳನ್ನು ನಂಬುತ್ತಾರೆ: ಆಕೆ ಜೀವನವಿಡೀ ಕನ್ಯೆಯಾಗಿಯೇ ಉಳಿದಳು; ಆಕೆ ಆದಿಪಾಪದ, ಅಂದರೆ ಮೊದಲ ಮಾನವರಿಂದ ಎಲ್ಲರಿಗೂ ಬಂದ ಪಾಪದ, ಕಳಂಕವಿಲ್ಲದೆ ತನ್ನ ತಾಯಿಯ ಗರ್ಭದಲ್ಲಿ ಮೂಡಿದಳು; ಈ ಲೋಕದ ಬದುಕು ಮುಗಿದಾಗ ದೇಹಾತ್ಮಗಳೆರಡರಲ್ಲೂ ಸ್ವರ್ಗಕ್ಕೆ ಒಯ್ಯಲ್ಪಟ್ಟಳು. ಮೊದಲನೆಯದು ತೀರಾ ಹಳೆಯ ನಂಬಿಕೆ. ಎರಡನೆಯದನ್ನು 1854ರ ಡಿಸೆಂಬರ್ 8ರಂದು ಪೋಪ್ ಒಂಬತ್ತನೆಯ ಪಿಯುಸ್, ಮೂರನೆಯದನ್ನು 1950ರ ನವೆಂಬರ್ 1ರಂದು ಪೋಪ್ ಹನ್ನೆರಡನೆಯ ಪಿಯುಸ್ ವಿಶ್ವಾಸ ಸತ್ಯಗಳೆಂದು ಘೋಷಿಸಿದರು. ಇವು ಆ ವರ್ಷಗಳಲ್ಲಿ ಹೊಸದಾಗಿ ಹುಟ್ಟಿದವಲ್ಲ. ಮರಿಯಳ ಸ್ವರ್ಗಾರೋಹಣದ ಹಬ್ಬ ಪೂರ್ವ ಮತ್ತು ಪಶ್ಚಿಮದ ಸಭೆಗಳೆರಡರಲ್ಲೂ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಇತ್ತು. ಆದರೂ ಬಹುಕಾಲದ ಭಕ್ತಿಯೊಂದನ್ನು “ನಂಬಲೇಬೇಕು” ಎಂದು ಮಾಡಿದ್ದು ಆ ದಿನಾಂಕಗಳು. ಪ್ರೊಟೆಸ್ಟೆಂಟರ ತಕರಾರೂ ಅಲ್ಲೇ ಗಟ್ಟಿಯಾಯಿತು.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು)

ಆದಿಪಾಪವಿಲ್ಲದ ಗರ್ಭಧಾರಣೆ ಎಂದರೆ ಯೇಸು ಪುರುಷ ಸಂಬಂಧವಿಲ್ಲದೆ ಹುಟ್ಟಿದ್ದಲ್ಲವೇ? ಅದನ್ನು ನಾವೂ ನಂಬುತ್ತೇವಲ್ಲ?

ಉತ್ತರ

ಅಲ್ಲ. ಈ ಗೊಂದಲ ಕಥೋಲಿಕರಲ್ಲೂ ಧಾರಾಳವಾಗಿದೆ. ನೀವು ಹೇಳುತ್ತಿರುವುದು ಯೇಸುವಿನ ಕನ್ಯಾಜನನ. 1854ರ ಘೋಷಣೆ ಮರಿಯಳದೇ ಹುಟ್ಟಿನ ಬಗ್ಗೆ. ಆಕೆಗೆ ತಂದೆ, ತಾಯಿ ಇಬ್ಬರೂ ಎಲ್ಲರಂತೆ ಇದ್ದರು. ಗರ್ಭದಲ್ಲಿ ಮೂಡಿದ ಮೊದಲ ಕ್ಷಣದಿಂದಲೇ ದೇವರು ತನ್ನ ಮಗನ ಪುಣ್ಯಫಲವನ್ನು ಮುಂಗಡವಾಗಿ ಅನ್ವಯಿಸಿ ಆಕೆಯನ್ನು ಆದಿಪಾಪದಿಂದ ಕಾಪಾಡಿದನು ಎಂಬುದು ಬೋಧನೆ.

ಇದರ ಹಿಂದೆ ದೊಡ್ಡ ವಾದ ನಡೆದಿದೆ, ಅದೂ ಕಥೋಲಿಕರ ಒಳಗೇ. ಹದಿಮೂರನೆಯ ಶತಮಾನದ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇದನ್ನು ಒಪ್ಪಲಿಲ್ಲ. ಪಾಪವೇ ಅಂಟದವಳಿಗೆ ಕ್ರಿಸ್ತನ ರಕ್ಷಣೆಯ ಅಗತ್ಯ ಏನು ಎಂಬುದು ಅವನ ಕಳವಳ. ಅವನ ನಂತರ ಬಂದ ಡನ್ಸ್ ಸ್ಕೋಟಸ್ ಆ ಗಂಟನ್ನು ಬಿಡಿಸಿದ: ಬಿದ್ದವನನ್ನು ಎತ್ತುವುದೂ ರಕ್ಷಣೆ, ಬೀಳದಂತೆ ಹಿಡಿಯುವುದೂ ರಕ್ಷಣೆ, ಎರಡನೆಯದು ಇನ್ನೂ ಹೆಚ್ಚಿನದು. ವಾದ ಎಷ್ಟು ಸೊಗಸಾಗಿದ್ದರೂ ಪ್ರೊಟೆಸ್ಟೆಂಟರು ರೋಮನರಿಗೆ ಬರೆದ ಪತ್ರದ “ಎಲ್ಲರೂ ಪಾಪ ಮಾಡಿದ್ದಾರೆ” ಎಂಬ ಮಾತನ್ನು ಮುಂದಿಡುತ್ತಾರೆ. ಮರಿಯಳೇ ತನ್ನ ಗೀತೆಯಲ್ಲಿ ದೇವರನ್ನು “ನನ್ನ ರಕ್ಷಕ” ಎಂದಿದ್ದಾಳೆ ಎಂದು ನೆನಪಿಸುತ್ತಾರೆ. ಕಥೋಲಿಕರು ಅದೇ ಮಾತನ್ನು ಸ್ಕೋಟಸನ ಅರ್ಥದಲ್ಲಿ ಓದುತ್ತಾರೆ. ದೇವದೂತ ಮರಿಯಳಿಗೆ ಹೇಳಿದ ವಂದನೆಯಲ್ಲಿರುವ ‘ಕೆಖರಿತೊಮೆನೆ’ ಎಂಬ ಗ್ರೀಕ್ ಪದವೂ ಹೀಗೆಯೇ. ಲ್ಯಾಟಿನ್ ಬೈಬಲ್ ಅದನ್ನು “ಕೃಪಾಪೂರ್ಣೆ” ಎಂದಿತು, ಪ್ರೊಟೆಸ್ಟೆಂಟ್ ಅನುವಾದಗಳು ಸಾಮಾನ್ಯವಾಗಿ “ದೇವರ ದಯೆ ಹೊಂದಿದವಳು” ಎಂಬ ಅರ್ಥದಲ್ಲಿ ಹೇಳಿದವು. ಆ ಒಂದು ಪದದ ಮೇಲೆ ಇಡೀ ಸಿದ್ಧಾಂತವನ್ನು ನಿಲ್ಲಿಸಲು ಸಾಧ್ಯವಿಲ್ಲ ಎಂದು ನನಗನ್ನಿಸುತ್ತದೆ. ಸಿದ್ಧಾಂತಕ್ಕೆ ಆಧಾರವಾಗಿರುವುದು ಪರಂಪರೆ, ಪದವಲ್ಲ.

ಮರುಪ್ರಶ್ನೆ

ಯೇಸುವಿನ ತಮ್ಮಂದಿರ ಹೆಸರುಗಳೇ ಮಾರ್ಕ 6:3ರಲ್ಲಿವೆ: ಯಾಕೋಬ, ಯೋಸೆ, ಯೂದ, ಸಿಮೋನ. ಮತ್ತೆ ನಿತ್ಯಕನ್ಯೆ ಹೇಗೆ?

ಉತ್ತರ

ಇದಕ್ಕೆ ಪ್ರಾಚೀನ ಸಭೆಯಲ್ಲೇ ಮೂರು ಉತ್ತರಗಳಿದ್ದವು. ಅವರು ಯೋಸೇಫನ ಮೊದಲ ಹೆಂಡತಿಯ ಮಕ್ಕಳು ಎಂದು ಎರಡನೆಯ ಶತಮಾನದ ಒಂದು ಬರಹ ಹೇಳುತ್ತದೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಹಾಗೆಯೇ ಹೇಳುತ್ತವೆ. ಹೆಲ್ವಿಡಿಯುಸ್ ಎಂಬವನು ಅವರು ಮರಿಯಳ ಸ್ವಂತ ಮಕ್ಕಳೇ ಎಂದ. ಅವನಿಗೆ ಉತ್ತರವಾಗಿ ಬೈಬಲ್ ವಿದ್ವಾಂಸ ಜೆರೋಮ್ ಸುಮಾರು 383ರಲ್ಲಿ, ಅವರು ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳಂಥ ಹತ್ತಿರದ ನೆಂಟರು ಎಂದು ವಾದಿಸಿದ. ಕಥೋಲಿಕರು ಹೆಚ್ಚಾಗಿ ಜೆರೋಮನ ದಾರಿ ಹಿಡಿದರು, ಇಂದಿನ ಬಹುಪಾಲು ಪ್ರೊಟೆಸ್ಟೆಂಟರು ಹೆಲ್ವಿಡಿಯುಸನ ದಾರಿ.

ಆದರೆ ಸುಧಾರಣೆಯ ನಾಯಕರಾದ ಲೂಥರ್ ಮತ್ತು ಜ್ವಿಂಗ್ಲಿ ಇಬ್ಬರೂ ಮರಿಯಳ ನಿತ್ಯಕನ್ಯತ್ವವನ್ನು ನಂಬಿದ್ದರು. “ಸಹೋದರರು” ಎಂಬ ಪದದಿಂದ ಆಕೆಗೆ ಬೇರೆ ಮಕ್ಕಳಿದ್ದರೆಂದು ತೀರ್ಮಾನಿಸುವುದು ಅಜ್ಞಾನ ಎಂದು ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಬರೆದ. ಮತ್ತಾಯ 1:25ರ “ಮಗನನ್ನು ಹೆರುವ ತನಕ” ಎಂಬ ಮಾತನ್ನೂ ಹಲವರು ತರುತ್ತಾರೆ. “ತನಕ” ಎಂದ ಮಾತ್ರಕ್ಕೆ ಆಮೇಲೆ ಬದಲಾಯಿತು ಎಂದಾಗುವುದಿಲ್ಲ. ಸೌಲನ ಮಗಳು ಮೀಕಲಳಿಗೆ ಸಾಯುವ ತನಕ ಮಕ್ಕಳಾಗಲಿಲ್ಲ ಎಂದು 2 ಸಮುವೇಲ 6:23 ಹೇಳುತ್ತದೆ. ಸತ್ತ ಮೇಲೆ ಆದವೇ? ಗ್ರಂಥದ ಮಾತುಗಳಿಂದಷ್ಟೇ ಈ ವ್ಯಾಜ್ಯ ಎರಡೂ ಕಡೆಗೆ ತೀರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಸಹಜವಾದ ಓದು ಹೆಲ್ವಿಡಿಯುಸನ ಕಡೆಗೆ ಸ್ವಲ್ಪ ವಾಲುತ್ತದೆ, ಪ್ರಾಚೀನ ಸಾಕ್ಷ್ಯ ನಿತ್ಯಕನ್ಯತ್ವದ ಕಡೆಗೆ ಬಹಳ ವಾಲುತ್ತದೆ.

ಮೊದಲ ಪ್ರಶ್ನೆ ಕೇಳಿದವರು

ಧನ್ಯವಾದ. ಪುಸ್ತಕಗಳ ವಿಷಯ ಹೇಳಲಿಲ್ಲ. ಕಥೋಲಿಕರು ಸೇರಿಸಿದರು ಎಂದು ನಾವು ಕಲಿತೆವು, ಲೂಥರ್ ಕಿತ್ತುಹಾಕಿದ ಎಂದು ಅವರು ಹೇಳುತ್ತಾರೆ.

ಉತ್ತರ

ಎರಡೂ ಸರಿಯಲ್ಲ. ಹೊಸ ಒಡಂಬಡಿಕೆಯ 27 ಪುಸ್ತಕಗಳಲ್ಲಿ ವ್ಯತ್ಯಾಸವೇ ಇಲ್ಲ. ಹಳೆಯ ಒಡಂಬಡಿಕೆಯಲ್ಲಿ ನಿಮ್ಮವು 39, ಅವರವು 46. ಹೆಚ್ಚಿನ ಏಳು: ತೊಬಿತ, ಯೂದಿತ, ಸೊಲೊಮೋನನ ಜ್ಞಾನಗ್ರಂಥ, ಸಿರಾಖ, ಬಾರೂಕ ಮತ್ತು ಮಕ್ಕಬಿಯರ ಎರಡು ಪುಸ್ತಕಗಳು. ಎಸ್ತೇರ್ ಮತ್ತು ದಾನಿಯೇಲ ಗ್ರಂಥಗಳಲ್ಲೂ ಕೆಲವು ಹೆಚ್ಚಿನ ಭಾಗಗಳಿವೆ.

ಆದಿ ಕ್ರೈಸ್ತರು ಹೆಚ್ಚಾಗಿ ಓದುತ್ತಿದ್ದುದು ಗ್ರೀಕ್ ಅನುವಾದದ ಹಳೆಯ ಒಡಂಬಡಿಕೆ. ಆ ಪರಂಪರೆಯಲ್ಲಿ ಈ ಪುಸ್ತಕಗಳಿದ್ದವು, ಯೆಹೂದ್ಯರ ಹೀಬ್ರೂ ಪಟ್ಟಿಯಲ್ಲಿ ಇರಲಿಲ್ಲ. ಹೀಬ್ರೂವಿನಿಂದ ಲ್ಯಾಟಿನ್‌ಗೆ ಅನುವಾದಿಸಿದ ಜೆರೋಮ್ ಅವನ್ನು ಪಕ್ಕಕ್ಕಿಡಬೇಕೆಂದ, ಅವನ ಕಾಲದ ಬಿಷಪ್ ಆಗಸ್ಟೀನ್ ಇಟ್ಟುಕೊಳ್ಳಬೇಕೆಂದ. 397ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ಆಗಸ್ಟೀನನ ಕಡೆ ನಿಂತಿತು. ಆದರೂ ಜೆರೋಮನ ಸಂದೇಹ ಮಧ್ಯಯುಗವಿಡೀ ಉಸಿರಾಡುತ್ತಲೇ ಇತ್ತು. ಲೂಥರ್ ಅವನ್ನು ಕಿತ್ತುಹಾಕಲಿಲ್ಲ. 1534ರ ತನ್ನ ಸಂಪೂರ್ಣ ಜರ್ಮನ್ ಬೈಬಲಿನಲ್ಲಿ ಎರಡು ಒಡಂಬಡಿಕೆಗಳ ನಡುವೆ ಬೇರೆಯಾಗಿ ಇಟ್ಟು, ಪವಿತ್ರ ಗ್ರಂಥಕ್ಕೆ ಸಮಾನವಲ್ಲ, ಆದರೆ ಓದಲು ಉಪಯುಕ್ತ ಎಂದ. 1611ರ ಇಂಗ್ಲಿಷ್ ಬೈಬಲಿನಲ್ಲೂ ಅವು ಇದ್ದವು. ಪ್ರೊಟೆಸ್ಟೆಂಟ್ ಮುದ್ರಣಗಳಿಂದ ಅವು ಸಾಮಾನ್ಯವಾಗಿ ಮರೆಯಾಗಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇನ್ನು ಕಥೋಲಿಕರ ಟ್ರೆಂಟ್ ಮಹಾಸಭೆ 1546ರ ಏಪ್ರಿಲ್ 8ರಂದು ಪಟ್ಟಿಯನ್ನು ಕಟ್ಟುನಿಟ್ಟಾಗಿ ಘೋಷಿಸಿತು, ಹೊಸದಾಗಿ ಏನನ್ನೂ ಸೇರಿಸಲಿಲ್ಲ. ಸತ್ತವರಿಗಾಗಿ ಪ್ರಾರ್ಥಿಸುವುದನ್ನು ಪ್ರೊಟೆಸ್ಟೆಂಟರು ಒಪ್ಪುವುದಿಲ್ಲ; ಅಂಥ ಪ್ರಾರ್ಥನೆಯ ಪ್ರಸಂಗ 2 ಮಕ್ಕಬಿಯರು 12ರಲ್ಲಿ ಬರುವುದರಿಂದ ಈ ಪಟ್ಟಿಯ ಚರ್ಚೆ ಅಷ್ಟು ಬಿಸಿಯಾಯಿತು.

ಅದೇ ದಿನ ಟ್ರೆಂಟ್ ಇನ್ನೊಂದು ಮಾತನ್ನೂ ಹೇಳಿತು: ಗ್ರಂಥವನ್ನೂ ಪ್ರೇಷಿತರಿಂದ (ಯೇಸು ಕಳುಹಿಸಿದ ಶಿಷ್ಯರಿಂದ) ಬಂದ ಪರಂಪರೆಯನ್ನೂ ಸಮಾನ ಭಕ್ತಿಯಿಂದ ಸ್ವೀಕರಿಸಬೇಕು. ನಾನು ಮೊದಲು ಹೇಳಿದ ಬೇರು ಇದೇ. ಗ್ರಂಥದಲ್ಲಿ ಯಾವ ಯಾವ ಪುಸ್ತಕಗಳಿರಬೇಕೆಂಬ ಪಟ್ಟಿ ಗ್ರಂಥದೊಳಗೇ ಇಲ್ಲ ಎಂಬುದು ಕಥೋಲಿಕರ ಬಲವಾದ ವಾದ. ಹೊಸ ಒಡಂಬಡಿಕೆಯ 27ನ್ನು ಇಂದಿನಂತೆಯೇ ಪಟ್ಟಿ ಮಾಡಿದ ಅತಿ ಹಳೆಯ ದಾಖಲೆ 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯುಸ್ ಬರೆದ ಪತ್ರ. ಪಟ್ಟಿಗಾಗಿ ಸಭೆಯನ್ನು ನಂಬಿದವರು ಅರ್ಥಕ್ಕಾಗಿ ಏಕೆ ನಂಬಬಾರದು ಎಂದು ಅವರು ಕೇಳುತ್ತಾರೆ. ಸಭೆ ಗ್ರಂಥವನ್ನು ಗುರುತಿಸಿತೇ ಹೊರತು ಅದಕ್ಕೆ ಅಧಿಕಾರ ಕೊಡಲಿಲ್ಲ, ಬಂಗಾರವನ್ನು ಗುರುತಿಸಿದ ಅಕ್ಕಸಾಲಿಗ ಬಂಗಾರವನ್ನು ಸೃಷ್ಟಿಸಿದಂತಾಗದು ಎಂಬುದು ಪ್ರೊಟೆಸ್ಟೆಂಟರ ಉತ್ತರ. ಅವರ “ಗ್ರಂಥವೊಂದೇ” ಎಂಬ ತತ್ತ್ವಕ್ಕೆ ಬೈಬಲ್ ಬಿಟ್ಟು ಬೇರೇನನ್ನೂ ಓದಬಾರದು ಎಂಬ ಅರ್ಥವಿಲ್ಲ. ಮಹಾಸಭೆಗಳೂ ವಿಶ್ವಾಸ ಪ್ರಮಾಣಗಳೂ ಬೇಕು, ಆದರೆ ಅವು ತಪ್ಪಬಹುದು, ತಪ್ಪದ ಅಳತೆಗೋಲು ಗ್ರಂಥ ಮಾತ್ರ ಎಂದರ್ಥ.

ಮರುಪ್ರಶ್ನೆ (ಮತ್ತೊಬ್ಬ ಸದಸ್ಯರು)

1 ತಿಮೊಥೆ 2:5ರಲ್ಲಿ ಮಧ್ಯಸ್ಥ ಒಬ್ಬನೇ, ಕ್ರಿಸ್ತ ಯೇಸು ಎಂದು ಸ್ಪಷ್ಟವಾಗಿದೆ. ಮರಿಯಮ್ಮನ ಬಳಿ ಬೇಡುವುದು ಇದಕ್ಕೆ ವಿರುದ್ಧವಲ್ಲವೇ?

ಉತ್ತರ

ಪ್ರೊಟೆಸ್ಟೆಂಟರ ಅತ್ಯಂತ ಪ್ರಾಮಾಣಿಕ ನೋವು ಇರುವುದು ಇಲ್ಲೇ, ಅದನ್ನು ಹಗುರವಾಗಿ ಕಾಣಬಾರದು. ನಾನು ನೇರವಾಗಿ ಕ್ರಿಸ್ತನ ಬಳಿ ಹೋಗಬಹುದು ಎಂಬ ಸಂತೋಷವೇ ಸುಧಾರಣೆಯ ಹೃದಯ. ಗೆಳೆಯನಿಗೆ “ನನಗಾಗಿ ಪ್ರಾರ್ಥಿಸು” ಎನ್ನುತ್ತೇವಲ್ಲ, ಸ್ವರ್ಗದಲ್ಲಿ ಬದುಕಿರುವವಳಿಗೆ ಹೇಳಿದರೆ ತಪ್ಪೇನು ಎಂಬುದು ಕಥೋಲಿಕರ ಉತ್ತರ. ಗೆಳೆಯ ಎದುರಿಗಿದ್ದಾನೆ, ತೀರಿಕೊಂಡವರು ನಮ್ಮ ಮೊರೆ ಕೇಳುತ್ತಾರೆಂದು ಗ್ರಂಥ ಎಲ್ಲೂ ಹೇಳಿಲ್ಲ ಎಂದು ಪ್ರೊಟೆಸ್ಟೆಂಟರು ಮರುನುಡಿಯುತ್ತಾರೆ. ನೋಡಿ, ಮತ್ತೆ ಅದೇ ಜಾಗಕ್ಕೆ ಬಂದೆವು.

ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ, ಮರಿಯಳ ಪಾತ್ರ ಕ್ರಿಸ್ತನ ಏಕೈಕ ಮಧ್ಯಸ್ಥಿಕೆಯಿಂದ ಏನನ್ನೂ ಕಳೆಯುವುದಿಲ್ಲ, ಅದಕ್ಕೆ ಏನನ್ನೂ ಕೂಡಿಸುವುದಿಲ್ಲ ಎಂದಿತು. ‘ಸಹ ವಿಮೋಚಕಿ’, ಅಂದರೆ ಕ್ರಿಸ್ತನ ಜೊತೆ ಸೇರಿ ರಕ್ಷಿಸುವವಳು, ಎಂಬ ಬಿರುದು ಆಕೆಗೆ ತಕ್ಕದ್ದಲ್ಲ ಎಂದು ವ್ಯಾಟಿಕನ್ 2025ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದಾಗ ನನಗೆ ನಿಜವಾಗಿ ಸಂತೋಷವಾಯಿತು.

ಮೊದಲ ಪ್ರಶ್ನೆ ಕೇಳಿದವರು

ಮುಂದಿನ ಸಲ ಜಪಮಾಲೆ ಹೇಳುವಾಗ ನಾನು ಏನು ಮಾಡಲಿ?

ಉತ್ತರ

ಮನಸ್ಸಾಕ್ಷಿ ಒಪ್ಪದ ಮಾತನ್ನು ಯಾರನ್ನೋ ಮೆಚ್ಚಿಸಲು ಹೇಳಬೇಡಿ. ಆದರೆ ಕಿವಿಗೊಟ್ಟು ಕೇಳಿ. ಜಪಮಾಲೆಯಲ್ಲಿ ಮತ್ತೆ ಮತ್ತೆ ಹೇಳುವ ಪ್ರಾರ್ಥನೆಯ ಮೊದಲರ್ಧ ಲೂಕ 1:28ರಲ್ಲಿ ದೇವದೂತ ಆಡಿದ ಮಾತು, 1:42ರಲ್ಲಿ ಮರಿಯಳ ನೆಂಟಳಾದ ಎಲಿಜಬೇತ್ ಆಡಿದ ಮಾತು. ಅದನ್ನು ನೀವೂ ಧಾರಾಳವಾಗಿ ಹೇಳಬಹುದು, ನಿಮ್ಮ ಬೈಬಲಿನಲ್ಲೇ ಇದೆ. “ಪಾಪಿಗಳಾದ ನಮಗಾಗಿ ಪ್ರಾರ್ಥಿಸಿರಿ” ಎಂಬ ಕೊನೆಯರ್ಧ ನಂತರದ ಶತಮಾನಗಳಲ್ಲಿ ಬೆಳೆದು 1568ರ ರೋಮನ್ ಪ್ರಾರ್ಥನಾ ಗ್ರಂಥದಲ್ಲಿ ನೆಲೆಗೊಂಡಿತು. ಅಲ್ಲಿಗೆ ಬಂದಾಗ ಮೌನವಾಗಿರಿ. ಏಕೆ ಮೌನ ಎಂದು ಆ ತಾಯಿ ಕೇಳಿದರೆ ಇಲ್ಲಿ ಮಾತಾಡಿದ್ದನ್ನು ನಿಮ್ಮದೇ ಮಾತಿನಲ್ಲಿ ಹೇಳಿ. ಅದಕ್ಕೂ ಮೊದಲು, ಅಂದು “ಆರಾಧನೆ” ಎಂದದ್ದಕ್ಕೆ ಕ್ಷಮೆ ಕೇಳಿ. ಅವರ ಬೈಬಲಿನಿಂದ ತೊಬಿತನ ಕಥೆಯನ್ನು ಓದಿಕೊಡಲು ಹೇಳಿ. ಮನೆಗೆ ಸೊಸೆ ಬರುವ ಕಥೆ ಅದು, ಅವರಿಗೆ ಇಷ್ಟವಾಗುತ್ತದೆ.