ನಮ್ಮಿಬ್ಬರಿಗೂ ಇಲ್ಲದ್ದು ಮಗಳಿಗೆ ಹೇಗೆ ಬಂತು?

ಪ್ರಶ್ನೆ: ಮಗಳಿಗೆ 4 ತಿಂಗಳು. ಕೂದಲು, ರೆಪ್ಪೆ ಎಲ್ಲಾ ಬಿಳಿ, ಕಣ್ಣುಗುಡ್ಡೆ ಅಲ್ಲಾಡುತ್ತಲೇ ಇರುತ್ತದೆ. ಡಾಕ್ಟರು ಆಲ್ಬಿನಿಸಂ (ಹುಟ್ಟಿನಿಂದಲೇ ಮೈ, ಕೂದಲು, ಕಣ್ಣಿನ ಬಣ್ಣ ಕಡಿಮೆ, ದೃಷ್ಟಿಯೂ ಮಂದ ಇರುವ ಸ್ಥಿತಿ) ಅಂದರು. ಬಸುರಿಯಲ್ಲಿ ನಾನು ಏನೋ ತಿನ್ನಬಾರದ್ದು ತಿಂದೆ ಅಂತ ಅತ್ತೆ ಹೇಳುತ್ತಾರೆ. ಹೌದಾ?

ಉತ್ತರ 1: ತಿಂದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನನಗೂ ಆಲ್ಬಿನಿಸಂ ಇದೆ, ಈಗ 34 ವರ್ಷ. ಸಾಮಾನ್ಯವಾಗಿ ಅಪ್ಪ, ಅಮ್ಮ ಇಬ್ಬರಲ್ಲೂ ಒಂದೇ ಜೀನಿನ (ವಂಶವಾಹಿಯ) ಕೆಟ್ಟ ಪ್ರತಿ ಒಂದೊಂದು ಅಡಗಿರುತ್ತದೆ. ಎರಡೂ ಮಗುವಿಗೆ ಬಂದರೆ ಹೀಗೆ. ಪ್ರತಿ ಸಲ ಬಸುರಿಯಾದಾಗಲೂ 25% ಸಾಧ್ಯತೆ. ನನ್ನ ತಮ್ಮನಿಗಿಲ್ಲ ನೋಡಿ. ನನಗೆ ಬಿಸಿಲಿಗಿಂತ ಜಾಸ್ತಿ ಕಾಡಿದ್ದು ಶಾಲೆಯ ಕರಿಹಲಗೆ. ಮುಂದಿನ ಬೆಂಚಲ್ಲಿ ಕೂತರೂ, ಕನ್ನಡಕ ಹಾಕಿದರೂ ಅಕ್ಷರ ಮಸುಕು. ಈಗ ಫೋಟೋ ತೆಗೆದು ದೊಡ್ಡದು ಮಾಡಿ ಓದುತ್ತೇನೆ.

ಉತ್ತರ 2: ಸದ್ಯಕ್ಕೆ ಬಿಸಿಲು ತಾಗದಂತೆ ನೆರಳು, ಟೋಪಿ, ಉದ್ದ ತೋಳಿನ ಅಂಗಿ. ಸನ್‌ಸ್ಕ್ರೀನ್ 6 ತಿಂಗಳಾದ ಮೇಲೆ.

ಪ್ರಶ್ನೆ ಕೇಳಿದವರು: ಅತ್ತೆಗೆ ಇದನ್ನೇ ಓದಿ ಹೇಳಿದೆ. ಸುಮ್ಮನಾದರು!