ಪೈಪ್ ಇಲ್ಲದ ಫ್ಯೂಮ್ ಹುಡ್‌ನಲ್ಲಿ ನೈಟ್ರಿಕ್ ಕಾಯಿಸಬಹುದಾ?

ಬ್ಯೂರೆಟ್:
ನಮ್ಮದು ಮಣ್ಣು, ನೀರು ಟೆಸ್ಟ್ ಮಾಡುವ ಸಣ್ಣ ಲ್ಯಾಬ್. ಬಾಡಿಗೆ ಕಟ್ಟಡ, ಓನರ್ ಗೋಡೆ ಕೊರೆಯಲು ಬಿಡುವುದಿಲ್ಲ, ಹಾಗಾಗಿ ಕಾರ್ಬನ್ ಫಿಲ್ಟರ್ ಮೂಲಕ ಗಾಳಿಯನ್ನು ವಾಪಸ್ ರೂಮಿಗೇ ಬಿಡುವ ಫ್ಯೂಮ್ ಹುಡ್ (ಕೆಮಿಕಲ್ ಆವಿ ಎಳೆದುಕೊಳ್ಳುವ ಪೆಟ್ಟಿಗೆ) ತಂದಿದ್ದಾರೆ. ಮಾರಿದವರು ಎಲ್ಲಾ ಕೆಮಿಕಲ್‌ಗೂ ಆಗುತ್ತೆ ಅಂದರಂತೆ. ದಿನಾ ನೈಟ್ರಿಕ್ ಡೈಜೆಶನ್, ಅಂದರೆ ಸ್ಯಾಂಪಲ್ ಅನ್ನು ನೈಟ್ರಿಕ್ ಆ್ಯಸಿಡ್‌ನಲ್ಲಿ ಕಾಯಿಸಿ ಕರಗಿಸುವುದು ಇರುತ್ತದೆ, ಕೆಲವು ಸ್ಯಾಂಪಲ್‌ಗೆ ಪರ್‌ಕ್ಲೋರಿಕ್ ಆ್ಯಸಿಡ್ ಕೂಡ. ಜೊತೆಗೆ ಅಮೋನಿಯಾ, ಡೈಕ್ಲೋರೋಮೀಥೇನ್. ಒಂದೇ ಫಿಲ್ಟರ್ ಸಾಕಾ? ವಾಸನೆ ಬಂದಾಗ ಬದಲಾಯಿಸಿದರೆ ಆಯ್ತಾ?

ಹಳೇ ಕೆಮಿಸ್ಟ್:
ಪರ್‌ಕ್ಲೋರಿಕ್ ಇವತ್ತೇ ನಿಲ್ಲಿಸಿ. ಅದನ್ನು ಕಾಯಿಸಿದಾಗ ಏಳುವ ಆವಿ ಹುಡ್ ಒಳಗೆ ತಣಿದು ಕೂರುತ್ತದೆ, ಅಲ್ಲಿ ಪರ್‌ಕ್ಲೋರೇಟ್ ಅನ್ನುವ ಲವಣ ಕಟ್ಟಿಕೊಳ್ಳುತ್ತದೆ, ಆಮೇಲೆ ಯಾರೋ ಸ್ಪ್ಯಾನರ್ ಹಿಡಿದು ರಿಪೇರಿಗೆ ಬಂದಾಗ ಸಿಡಿಯಬಹುದು. ಅದಕ್ಕೆ ಒಳಗೆಲ್ಲಾ ನೀರಲ್ಲಿ ತೊಳೆಯುವ ವ್ಯವಸ್ಥೆ ಇರುವ ಬೇರೆಯದೇ ಹುಡ್ ಬೇಕು. ನೈಟ್ರಿಕ್ ಕಥೆಯೂ ಅಷ್ಟೇ. ಕಾರ್ಬನ್ ಅಂದರೆ ಇದ್ದಿಲು ಅಲ್ವಾ, ಅದರ ಮೇಲೆ ದಿನಾ ನೈಟ್ರಿಕ್‌ನಂಥ ಬಿಸಿ ಆಕ್ಸಿಡೈಸರ್ ಹಾಯಿಸುವುದೇ ತಪ್ಪು, ಹೊತ್ತಿಕೊಳ್ಳಬಹುದು. ಇಂಥ ಹುಡ್ ಇರುವುದು ಸ್ವಲ್ಪವೇ ದ್ರಾವಣ ಬಳಸುವ, ಕಾಯಿಸದ ಕೆಲಸಕ್ಕೆ.

ಕ್ಯೂಸಿ ಮೇಡಂ:
ಒಂದೇ ಫಿಲ್ಟರ್ ಸಾಕಾಗಲ್ಲ. ಅಮೋನಿಯಾಗೆ ಆ್ಯಸಿಡ್ ಸವರಿದ ಕಾರ್ಬನ್ ಬೇರೆ ಬೇಕು. ಡೈಕ್ಲೋರೋಮೀಥೇನ್, ಮೆಥನಾಲ್ ಥರದ ಬೇಗ ಆವಿಯಾಗುವ ಸಾಲ್ವೆಂಟ್‌ಗಳನ್ನು ಕಾರ್ಬನ್ ಸರಿಯಾಗಿ ಹಿಡಿಯುವುದೇ ಇಲ್ಲ. ಇನ್ನೊಂದು, ಕಾರ್ಬನ್ ಗಟ್ಟಿಯಾಗಿ ಹಿಡಿಯುವ ಬೇರೆ ಸಾಲ್ವೆಂಟ್ ಬಂದರೆ ಮೊದಲು ಹಿಡಿದಿದ್ದನ್ನು ತಳ್ಳಿ ಹೊರಗೆ ಬಿಡುತ್ತದೆ, ಅಂದರೆ ನೀವು ಹೋದ ವಾರ ಬಳಸಿದ್ದು ಇವತ್ತು ರೂಮಿಗೆ ಬರಬಹುದು. ಹೆಪಾ ಫಿಲ್ಟರ್ ಹಾಕಿದ್ದೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಧೂಳನ್ನು ತಡೆಯುತ್ತದೆ, ಆವಿಯನ್ನಲ್ಲ.

ಮೂಗನ್ನಂತೂ ನಂಬಲೇಬೇಡಿ. ಡೈಕ್ಲೋರೋಮೀಥೇನ್ ವಾಸನೆ ತಿಳಿಯುವ ಹೊತ್ತಿಗೆ ಸುರಕ್ಷಿತ ಮಿತಿ ದಾಟಿರುತ್ತದೆ. ಯಾವುದು ಎಷ್ಟು ಎಂಎಲ್, ಎಷ್ಟು ಹೊತ್ತು ಅಂತ ರಿಜಿಸ್ಟರ್‌ನಲ್ಲಿ ಬರೆಯಿರಿ, ಫಿಲ್ಟರ್ ದಾಟಿ ಬರುವ ಗಾಳಿಗೆ ಡಿಟೆಕ್ಟರ್ ಟ್ಯೂಬ್ (ಆವಿ ಇದ್ದರೆ ಬಣ್ಣ ಬದಲಾಗುವ ಗಾಜಿನ ಕೊಳವೆ) ಹಿಡಿಯಿರಿ. ಮಾರಿದವರಿಂದ ಒಂದೊಂದು ಕೆಮಿಕಲ್‌ಗೂ ಬರವಣಿಗೆಯಲ್ಲಿ ಉತ್ತರ ಕೇಳಿ, ಬಾಯಿ ಮಾತು ಬೇಡ. ಹಳೆ ಫಿಲ್ಟರ್ ಕಸದ ಗಾಡಿಗೆ ಹಾಕುವಂತಿಲ್ಲ, ಅದು ಅಪಾಯಕಾರಿ ತ್ಯಾಜ್ಯ.

ಬ್ಯೂರೆಟ್:
ಗಾಳಿ ಎಳೆತ ಚೆನ್ನಾಗಿದೆ, ಮೀಟರ್‌ನಲ್ಲಿ ಸೆಕೆಂಡಿಗೆ 0.5 ಮೀಟರ್ ತೋರಿಸುತ್ತದೆ.

ಹಳೇ ಕೆಮಿಸ್ಟ್:
ಎಳೆತ ಸರಿಯಿದ್ದರೆ ನಿಮ್ಮ ಮುಖಕ್ಕೆ ಬಡಿಯಲ್ಲ, ಅಷ್ಟೇ. ಫಿಲ್ಟರ್ ತುಂಬಿದರೂ ಆ ಮೀಟರ್ ಅದೇ ತೋರಿಸುತ್ತದೆ, ಎಳೆದಿದ್ದೆಲ್ಲಾ ವಾಪಸ್ ರೂಮಿಗೇ. ಗೋಡೆ ಕೊರೆಯುವುದು ಬೇಡ, ಕಿಟಕಿ ಇದೆಯಾ? ಒಂದು ಗಾಜು ತೆಗೆದು ಪ್ಲಾಸ್ಟಿಕ್ ಹಲಗೆ ಕೂರಿಸಿ, ಅದರಿಂದ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಪೈಪ್ ಟೆರೇಸ್ ಮೇಲಕ್ಕೆ ಒಯ್ಯಿರಿ. ಜಿಐ (ಸತು ಲೇಪಿಸಿದ ಕಬ್ಬಿಣ) ಶೀಟ್ ಬೇಡ, ಆ್ಯಸಿಡ್ ತಿಂದುಬಿಡುತ್ತದೆ.

ಬ್ಯೂರೆಟ್:
ಕಿಟಕಿ ಇದೆ, ಆದರೆ ಎದುರಿಗೇ ಪಕ್ಕದ ಮನೆ ಬಾಲ್ಕನಿ.

ಹಳೇ ಕೆಮಿಸ್ಟ್:
ಅದಕ್ಕೇ ಟೆರೇಸ್ ದಾಟಿ ಎತ್ತರಕ್ಕೆ ಒಯ್ಯಿರಿ ಅಂದಿದ್ದು. ಅಲ್ಲಿಯವರೆಗೆ ಡೈಜೆಶನ್ ಸ್ಯಾಂಪಲ್‌ಗಳನ್ನು ಹೊರಗೆ ಕೊಟ್ಟು ಮಾಡಿಸಿ.