ಮುಳ್ಳು ಮೊಂಡಾಗುತ್ತದೆಯೇ, ಸವೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಗೊಂದಲದಿಂದ ನನ್ನ ಅಕ್ಕನ ಮಗ ಸುಮ್ಮನೆ ದುಡ್ಡು ಕಳೆದುಕೊಂಡಿದ್ದಾನೆ. ತಪ್ಪು ಅರ್ಧ ಅವನದು, ಅರ್ಧ ನನ್ನದು. ಅಟ್ಟದ ಮೇಲಿದ್ದ ಅವನ ಅಜ್ಜನ ರೆಕಾರ್ಡ್ ಪ್ಲೇಯರನ್ನು ಇಳಿಸಿ, ಒರೆಸಿ, ಹಾಡು ಹಾಕಿ ಮೈಸೂರಿನಿಂದ ಫೋನ್ ಮಾಡಿದ: "ಮಾವ, ಮುಳ್ಳು ಹೋಗಿದೆ. ಬಲಗಡೆಯ ಸ್ಪೀಕರಿನಿಂದ ಏನೂ ಕೇಳಿಸುತ್ತಿಲ್ಲ."

"ಹಾಗಾದರೆ ಹೊಸ ಮುಳ್ಳು ತರಿಸು" ಎಂದುಬಿಟ್ಟೆ. ತರಿಸಿದ, ಹಾಕಿದ. ಬಲಗಡೆ ಮತ್ತೆ ಮೌನ. ಆಮೇಲೆ ಫೋಟೋ ಕಳಿಸಿದಾಗ ತಿಳಿಯಿತು: ಅವನ ಬಾಯಲ್ಲಿ ಮುಳ್ಳು ಎಂದರೆ ತೋಳಿನ ತುದಿಗೆ ತಿರುಪು ಹಾಕಿ ಕೂರಿಸಿದ ಇಡೀ ಡಬ್ಬಿ, ಅಂದರೆ ಕಾರ್ಟ್ರಿಜ್. ನನ್ನ ಕಿವಿಯಲ್ಲಿ ಮುಳ್ಳು ಎಂದರೆ ಅದರ ಕೆಳಗೆ ಕಣ್ಣಿಗೆ ಕಂಡೂ ಕಾಣದಂತಿರುವ ವಜ್ರದ ಮೊನೆ. ಕೆಟ್ಟಿದ್ದದ್ದು ಎರಡೂ ಅಲ್ಲ. ಕಾರ್ಟ್ರಿಜ್‌ನ ಬೆನ್ನಿಗೆ ನಾಲ್ಕು ತಂತಿಗಳು ಬರುತ್ತವೆ: ಎಡಕ್ಕೆ ಬಿಳಿ ಮತ್ತು ನೀಲಿ, ಬಲಕ್ಕೆ ಕೆಂಪು ಮತ್ತು ಹಸಿರು. ಕೆಂಪು ತಂತಿಯ ತುದಿಯ ಪುಟ್ಟ ಹಿಡಿಕೆ ಸಡಿಲವಾಗಿ, ಕಾರ್ಟ್ರಿಜ್‌ನ ಬೆನ್ನಿನ ಲೋಹದ ಕಡ್ಡಿಯಿಂದ ಜಾರಿತ್ತು. ಎರಡೂ ಕಡೆಯ ಸದ್ದನ್ನು ಹುಟ್ಟಿಸುವುದು ಒಂದೇ ಮೊನೆ. ಅದು ಮುರಿದರೆ ಎರಡೂ ಕಡೆ ಕೆಡಬೇಕಲ್ಲವೇ ಎಂದು ನಾನು ಅಂದೇ ಯೋಚಿಸಬೇಕಿತ್ತು. ಇಂಥ ಸಂದರ್ಭದಲ್ಲಿ ಮಾಡಬೇಕಾದದ್ದು ಎಡಬಲದ ತಂತಿಗಳನ್ನು ಅದಲುಬದಲು ಮಾಡಿ ಕೇಳುವುದು. ಮೌನವೂ ಎಡಕ್ಕೆ ದಾಟಿದರೆ ದೋಷ ಕಾರ್ಟ್ರಿಜ್‌ನಲ್ಲಿದೆ. ಇದ್ದಲ್ಲೇ ಇದ್ದರೆ ತಂತಿಯಲ್ಲೋ ಆಂಪ್ಲಿಫೈಯರಿನಲ್ಲೋ ಇದೆ.

ಅವನಿಗೆಂದು ಕನ್ನಡದಲ್ಲಿ ನಾಲ್ಕು ಪುಟದ ಟಿಪ್ಪಣಿ ಬರೆಯಲು ಕೂತೆ. ಮೊದಲ ಪುಟದಲ್ಲೇ ನಿಂತುಬಿಟ್ಟಿದ್ದೇನೆ.

ಮುಳ್ಳು ಎಂಬ ಮಾತು ಕೀಲಿ ಕೊಡುವ ಗ್ರಾಮಫೋನಿನ ಕಾಲದ್ದು. ಆಗ ಅದಕ್ಕೆ ಒಂದೇ ಅರ್ಥವಿತ್ತು: ಪುಟ್ಟ ಡಬ್ಬಿಯಲ್ಲಿ ಬರುತ್ತಿದ್ದ ಉಕ್ಕಿನ ಮೊಳೆ. ಪ್ಲೇಟಿನ ಒಂದು ಮಗ್ಗುಲು ಮುಗಿದೊಡನೆ ಅದನ್ನು ಬಿಸಾಡಿ ಹೊಸದನ್ನು ಸಿಕ್ಕಿಸಬೇಕು. ಅರಗಿನ ಪ್ಲೇಟಿಗೆ ಬೆರೆಸಿದ ಕಲ್ಲಿನ ಪುಡಿ ಆ ಉಕ್ಕನ್ನು ಸಾಣೆ ಹಿಡಿದಂತೆ ಅರೆದು ತೋಡಿನ ಅಳತೆಗೆ ತರುತ್ತಿತ್ತು, ಹಾಡು ಮುಗಿಯುವ ಹೊತ್ತಿಗೆ ಮೊನೆಯೇ ಇರುತ್ತಿರಲಿಲ್ಲ. "ಮುಳ್ಳು ಮೊಂಡಾಗಿದೆ" ಎಂಬ ಬಳಕೆ ಅಲ್ಲಿಂದ ಬಂದದ್ದು, ಅಲ್ಲಿಗೆ ಸರಿಯಾಗಿಯೂ ಇತ್ತು.

ವಜ್ರದ ವಿಷಯದಲ್ಲಿ ಅದೇ ಮಾತು ದಾರಿ ತಪ್ಪಿಸುತ್ತದೆ. ಹೊಸ ವಜ್ರದ ತುದಿ ಗುಂಡಗೆ, ನುಣ್ಣಗೆ ಇರುತ್ತದೆ. ಎಲ್‌ಪಿಯ ತೋಡಿನ ಎರಡು ಗೋಡೆಗಳಿಗೆ ಉಜ್ಜಿ ಉಜ್ಜಿ ಅದರ ಎರಡು ಕೆನ್ನೆಗಳು ಚಪ್ಪಟೆಯಾಗುತ್ತವೆ, ಚಪ್ಪಟೆಯ ಅಂಚುಗಳು ಉಳಿಯ ಬಾಯಿಯಂತೆ ಹರಿತವಾಗುತ್ತವೆ. ಹಳೆಯ ವಜ್ರ ತಟ್ಟೆಯನ್ನು ಹಾಳು ಮಾಡುವುದು ಮೊಂಡಾಗಿ ಅಲ್ಲ, ಹರಿತವಾಗಿ. ಆದ್ದರಿಂದ ಟಿಪ್ಪಣಿಯಲ್ಲಿ "ಸವೆದಿದೆ" ಎಂದೇ ಬರೆದಿದ್ದೇನೆ. ಮೊಂಡು ಎಂದು ಬರೆದರೆ ಹುಡುಗ, ಮೊಂಡಾದದ್ದು ಏನು ತಾನೇ ಗೀರೀತು ಎಂದುಕೊಂಡು ಇನ್ನೊಂದು ವರ್ಷ ಓಡಿಸುತ್ತಾನೆ.

ಕಾರ್ಟ್ರಿಜ್ ಎಂಬುದಕ್ಕೆ ಕನ್ನಡ ಹುಡುಕುವ ಆಸೆ ನನಗಿಲ್ಲ. ನಿಘಂಟು ನೋಡಿದರೆ "ತೋಟಾ" ಸಿಗುತ್ತದೆ. ಮಲೆನಾಡಿನವರಿಗೆ ತೋಟಾ ಕೋವಿ ಗೊತ್ತು. ಉಳಿದವರಿಗೆ 1857ರ ಪಾಠದಲ್ಲಿ ಬರುವ ಕೊಬ್ಬು ಸವರಿದ ತೋಟಾ ಗೊತ್ತು. "ತೋಟಾದ ಹಿಂಬದಿಯ ಕೆಂಪು ತಂತಿಯನ್ನು ಎಚ್ಚರಿಕೆಯಿಂದ ಬಿಡಿಸಿ" ಎಂದು ಬರೆದರೆ ಪೊಲೀಸರು ಬರುತ್ತಾರೆ. "ಪಿಕಪ್" ಎಂಬ ಇನ್ನೊಂದು ಹಳೆಯ ಹೆಸರು ಇತ್ತು, ಆದರೆ ಈಗ ಅದು ತರಕಾರಿ ಸಾಗಿಸುವ ಗಾಡಿ.

ಮೊನೆಯನ್ನು ಹೊತ್ತ ಸಣ್ಣ ಸರಳಿಗೆ, ಅಂದರೆ ಕ್ಯಾಂಟಿಲಿವರಿಗೆ, ಸದ್ಯ "ಮುಳ್ಳುಕಡ್ಡಿ" ಎಂದಿದ್ದೇನೆ. ಟೋನ್‌ಆರ್ಮಿಗೆ ಎಲ್ಲರೂ ತೋಳು ಎನ್ನುತ್ತಾರೆ, ನಾನೂ ಮೇಲೆ ಹಾಗೇ ಬರೆದೆ. ಆದರೆ ಅದು ಮಾಡುವ ಕೆಲಸ ತೋಳಿನದಲ್ಲ, ತಕ್ಕಡಿಯದು: ಒಂದು ತುದಿಗೆ ಕಾರ್ಟ್ರಿಜ್, ಇನ್ನೊಂದಕ್ಕೆ ತೂಕದ ಗುಂಡು, ನಡುವೆ ಕೀಲು. ತಕ್ಕಡಿಯ ಅಡ್ಡಕೋಲಿಗೆ "ದಂಡಿಗೆ" ಎಂಬ ಮಾತಿದೆ. ಹರಿದಾಸರ ಕೈಯಲ್ಲಿದ್ದ ವಾದ್ಯಕ್ಕೂ ಅದೇ ಹೆಸರು. ತೂಕವೂ ಸಂಗೀತವೂ ಒಂದೇ ಪದದಲ್ಲಿ ಕೂಡಿರುವಾಗ ತೋಳು ಯಾಕೆ ಎನ್ನಿಸುತ್ತದೆ. ಇದು ನನ್ನ ಹಟ ಎಂದರೆ ಒಪ್ಪುತ್ತೇನೆ.

ತೂಕದ ಮಾತು ಬಂತು. ಅಂಗಡಿಯವರು "ಮುಳ್ಳಿನ ಒತ್ತಡ" ಎನ್ನುತ್ತಾರೆ. ಅವರು ಹೇಳುವುದು ಗ್ರಾಂ ಲೆಕ್ಕ, ಎರಡು ಗ್ರಾಂ, ಎರಡೂವರೆ ಗ್ರಾಂ. ವಿಜ್ಞಾನ ಪಾಠದ ಪ್ರಕಾರ ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು, ಆ ಮೊನೆಯ ಅಡಿಯಲ್ಲಿ ಅದು ಅಗಾಧವಾಗಿರುತ್ತದೆ. ಹಾಗಾಗಿ ನಾನು "ಮುಳ್ಳಿನ ಭಾರ" ಎಂದು ಬರೆಯುತ್ತೇನೆ. ಈ ಭಾರವನ್ನು ಅಳೆಯಲು ಹೋಗಿ ಒಮ್ಮೆ ಮೋಸ ಹೋಗಿದ್ದೇನೆ. ಬಂಗಾರ ತೂಗುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಮೊನೆಯನ್ನು ಇಳಿಸಿದೆ. ತಕ್ಕಡಿಯ ಹೊಟ್ಟೆಯೊಳಗಿನ ಉಕ್ಕಿಗೆ ಕಾರ್ಟ್ರಿಜ್‌ನ ಆಯಸ್ಕಾಂತ ಸೆಳೆತ ಕೊಟ್ಟು ತೂಕ ಹೆಚ್ಚಾಗಿ ಕಂಡಿತು. ನಾನು ಅದನ್ನು ನಂಬಿ ಭಾರ ಇಳಿಸಿದೆ. ಆಮೇಲೆ ಗಾಯಕಿ ತಾರಸ್ಥಾಯಿಗೆ ಹೋದಾಗಲೆಲ್ಲ ಮೊನೆ ತೋಡಿನ ಗೋಡೆ ಬಿಟ್ಟು ಕುಣಿದು, ಸ್ವರವೆಲ್ಲ ಒಡೆದ ಸದ್ದು. ಭಾರ ಹೆಚ್ಚಾದರೆ ತಟ್ಟೆಗೆ ಪೆಟ್ಟು ಎಂದು ಎಲ್ಲರಿಗೂ ಗೊತ್ತು, ಕಡಿಮೆಯಾದರೂ ಪೆಟ್ಟೇ ಎಂಬುದನ್ನು ಹೀಗೆ ಕಲಿತೆ. ಈಗ ತಕ್ಕಡಿಯ ಮೇಲೆ ಮರದ ಚೂರೊಂದನ್ನು ಇಟ್ಟು, ಸೊನ್ನೆ ಮಾಡಿಕೊಂಡು, ಮೊನೆ ಹಾಡಿನ ತಟ್ಟೆಯ ಎತ್ತರದಲ್ಲೇ ಕೂರುವಂತೆ ಹೊಂದಿಸಿ ತೂಗುತ್ತೇನೆ.

ನಿಜವಾದ ತೊಡಕು ಮುಂದಿನ ಪದದ್ದು: ಕಾಂಪ್ಲಯನ್ಸ್, ಅಂದರೆ ಮೊನೆಯನ್ನು ಒತ್ತಿದಾಗ ಮುಳ್ಳುಕಡ್ಡಿ ಎಷ್ಟು ಸುಲಭವಾಗಿ ಬಿಟ್ಟುಕೊಡುತ್ತದೆ ಎಂಬ ಅಳತೆ. ನನ್ನ ಬಳಿ ಇರುವುದು ಡೆನನ್ ಡಿಎಲ್-103 ಎಂಬ ಕಾರ್ಟ್ರಿಜ್. 1960ರ ದಶಕದ ಆರಂಭದಲ್ಲಿ ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ ರೂಪುಗೊಂಡದ್ದು, ಇಂದಿಗೂ ಹವ್ಯಾಸಿಗಳು ಬಿಚ್ಚಿ ಬದಲಿಸುವುದು ಇದನ್ನೇ. ಪ್ಲಾಸ್ಟಿಕ್ ಅಂಗಿ ಕಳಚಿ ಒಳಗಿನ ಯಂತ್ರವನ್ನು ಮರದ ಅಥವಾ ಅಲ್ಯೂಮಿನಿಯಂ ಗೂಡಿನಲ್ಲಿ ಕೂರಿಸುತ್ತಾರೆ. ಕೂದಲಿಗಿಂತ ತೆಳುವಾದ ಸುರುಳಿತಂತಿ ಕಿತ್ತುಹೋದರೆ ಅಲ್ಲಿಗೆ ಕಥೆ ಮುಗಿಯಿತು. ನಾನು ಅಷ್ಟಕ್ಕೆ ಹೋಗಿಲ್ಲ, ಕಾರ್ಟ್ರಿಜ್‌ಗೂ ಅದನ್ನು ಹಿಡಿದ ತಲೆಗೂ ನಡುವೆ ಹಿತ್ತಾಳೆಯ ತೆಳು ತಗಡು ಕೊಟ್ಟು ತೂಕ ಹೆಚ್ಚಿಸಿದ್ದೇನೆ. ಕಾರಣ, ಇದರ ಕಾಂಪ್ಲಯನ್ಸ್ ಕಡಿಮೆ. ಹಗುರ ದಂಡಿಗೆಗೆ ಕಟ್ಟಿದರೆ ಎರಡರ ಸಹಜ ಕಂಪನ ಇರಬೇಕಾದ 8ರಿಂದ 12 ಹರ್ಟ್ಸ್ ಒಳಗೆ ನಿಲ್ಲದೆ ಮೇಲೇರಿ ಹಾಡಿನ ಮಂದ್ರಕ್ಕೆ ಹತ್ತಿರವಾಗುತ್ತದೆ.

ಇದನ್ನು ಕನ್ನಡದಲ್ಲಿ ಹೇಗೆ ಹೇಳಲಿ? ಕಚೇರಿಯ ಕನ್ನಡದಲ್ಲಿ ಕಾಂಪ್ಲಯನ್ಸ್ ಎಂದರೆ "ಅನುಸರಣೆ". "ಈ ಕಾರ್ಟ್ರಿಜ್‌ನ ಅನುಸರಣೆ ಕಡಿಮೆ" ಎಂದರೆ ಅದು ಹೆಲ್ಮೆಟ್ ಹಾಕುವುದಿಲ್ಲ ಎಂದಂತಾಗುತ್ತದೆ. "ನಮ್ಯತೆ" ಸರಿ, ಆದರೆ ಸಪ್ಪೆ. "ಬಳುಕು" ಚೆಂದ, ಆದರೆ ತಪ್ಪು: ಬಳುಕುವುದು ಬೆತ್ತ, ಬಳ್ಳಿ, ನಡು. ಇಲ್ಲಿ ಕಡ್ಡಿ ಎಳ್ಳಷ್ಟೂ ಬಳುಕಬಾರದು. ಅದರ ಬುಡದ ರಬ್ಬರ್ ಬಿಟ್ಟುಕೊಡಬೇಕು. ಒತ್ತುವ ಬಲಕ್ಕೆ ಬಿಟ್ಟುಕೊಟ್ಟು ಮತ್ತೆ ನೆಟ್ಟಗಾಗುವುದಕ್ಕೆ "ಮಣಿ" ಎಂಬ ಕ್ರಿಯಾಪದ ನನಗೆ ಹತ್ತಿರ ಅನ್ನಿಸುತ್ತದೆ. "ಮಣಿತ" ಎಂದು ನಾಮಪದ ಮಾಡಬಹುದೇ? "ಮಣಿತ ಹೆಚ್ಚಿರುವ ಕಾರ್ಟ್ರಿಜ್‌ಗೆ ಹಗುರ ದಂಡಿಗೆ, ಮಣಿತ ಕಡಿಮೆಯಿದ್ದರೆ ಭಾರದ್ದು." ಓದುವಾಗ ಎಡವುತ್ತದೆಯೇ, ಹೇಳಿ.

ಇಷ್ಟು ಬರೆದ ಮೇಲೆ ಅಕ್ಕನ ಮಗನ ಪರವಾಗಿ ಒಂದು ಮಾತು. ಅವನದು ಆಯಸ್ಕಾಂತ ಅಲ್ಲಾಡುವ ಜಾತಿ. ಮುಳ್ಳು ಮತ್ತು ಕಡ್ಡಿ ಇರುವ ತುಂಡನ್ನು ಬೆರಳಿನಿಂದ ಎಳೆದು ತೆಗೆಯಬಹುದು. ನನ್ನ 103 ಸುರುಳಿಯೇ ಅಲ್ಲಾಡುವ ಜಾತಿ. ಅದರ ಮೊನೆ, ಕಡ್ಡಿ, ಸುರುಳಿ ಎಲ್ಲವೂ ಒಂದೇ ಜೀವ. ಮೊನೆ ಸವೆದರೆ ನಾವಾಗಿ ಬದಲಿಸುವಂತಿಲ್ಲ, ಇಡೀ ಡಬ್ಬಿಯನ್ನೇ ನುರಿತವರಿಗೆ ಕಳಿಸಬೇಕು. ಅಂಥದ್ದರ ಬಗ್ಗೆ "ಮುಳ್ಳು ಹೋಗಿದೆ" ಎಂದು ಇಡೀ ಡಬ್ಬಿಯನ್ನು ತೋರಿಸಿದ್ದರೆ ಅವನನ್ನು ತಿದ್ದುವ ಹಕ್ಕು ನನಗಿರುತ್ತಿರಲಿಲ್ಲ.

ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆಯ ಹಳೆಯ ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಈ ಕಡ್ಡಿಗೆ ಬೇರೆ ಹೆಸರು ಇತ್ತೇ? ನಿಮ್ಮ ಮನೆಗಳಲ್ಲಿ ಮುಳ್ಳು ಎನ್ನುತ್ತಿದ್ದರೋ, ಪಿನ್ನು ಎನ್ನುತ್ತಿದ್ದರೋ, ಸೂಜಿಯೋ? ತಟ್ಟೆ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡು ಹಾಡಿದ್ದನ್ನೇ ಹಾಡುವುದಕ್ಕೆ ನಮ್ಮ ಮನೆಯಲ್ಲಿ "ಕಿಸಬಾಯಿ ದಾಸ ಬಂದ" ಎನ್ನುತ್ತಿದ್ದರು. ಅದನ್ನು ಮಾತ್ರ ಹಾಗೆಯೇ ಟಿಪ್ಪಣಿಗೆ ಹಾಕಿಕೊಂಡಿದ್ದೇನೆ.